ಮುಂದೇನಾಯಿತು ಎಂಬ ಸುಖ

ಕಲ್ಯಾಣದಲ್ಲಿ ರೈಲು ಹಳಿ ಕವಲೊಡೆಯುತ್ತದೆ. ಒಂದು ಕರ್ಜತ್ ಕಡೆಗೆ, ಇನ್ನೊಂದು ಕಸಾರಾ ಕಡೆಗೆ. ಕಸಾರಾ ದಾರಿಯ ಮೊದಲ ನಿಲ್ದಾಣವೇ ನಮ್ಮ ಶಹಾಡ್. ಮುಂಬೈ ಸಿಎಸ್‌ಎಂಟಿ ಇಲ್ಲಿಂದ ಸುಮಾರು 55 ಕಿ.ಮೀ. ಕೋಟೆ ಭಾಗದ ಕಚೇರಿಗೆ ಹೋಗಿ ಬರುವವರಿಗೆ ದಿನದ ಮೂರು ಗಂಟೆ ಲೋಕಲ್‌ನಲ್ಲೇ ಕಳೆದುಹೋಗುತ್ತದೆ. ಈ ಭಾಗದ ಎಷ್ಟೋ ಕನ್ನಡಿಗರಿಗೆ ಓದುವ ಹೊತ್ತೂ ಅದೇ. ಸೀಟು ಸಿಕ್ಕರೆ ಪುಸ್ತಕ, ನಿಂತರೆ ಮೊಬೈಲಿನಲ್ಲಿ ಇ-ಪುಸ್ತಕ, ಕೈ ಎತ್ತಲೂ ಆಗದ ನೂಕುನುಗ್ಗಲಾದರೆ ಕಿವಿಗೆ ಆಡಿಯೊ.

ಓದುವುದು ಏನನ್ನು? ಹೆಚ್ಚಾಗಿ ಪ್ರೇಮಕಥೆ, ಇಲ್ಲವೇ ಪತ್ತೇದಾರಿ, ರೋಚಕ ಕಾದಂಬರಿ. ಇದನ್ನು ಸಂಕೋಚದಿಂದ ಹೇಳುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಇಲ್ಲಿ ಅಂಗಡಿಯ ಬೋರ್ಡು ಮರಾಠಿ, ಮಕ್ಕಳ ಶಾಲೆ ಇಂಗ್ಲಿಷ್, ಪಕ್ಕದ ಉಲ್ಹಾಸನಗರದ ಮಾರುಕಟ್ಟೆಗೆ ಹೋದರೆ ಸಿಂಧಿ, ಹಿಂದಿ. ಕನ್ನಡ ಓದಲೇಬೇಕೆಂಬ ಒತ್ತಾಯ ಯಾರಿಂದಲೂ ಇಲ್ಲ. ಹಾಗಿದ್ದೂ ಒಬ್ಬರು ಕನ್ನಡ ಪುಸ್ತಕ ಬಿಡಿಸುತ್ತಾರೆಂದರೆ ಅದು ಮುಂದಿನ ಅಧ್ಯಾಯದ ಸೆಳೆತಕ್ಕೆ. ಅಭಿಮಾನದಿಂದ ಪುಸ್ತಕ ಕೊಳ್ಳಬಹುದು, ಮುನ್ನೂರನೇ ಪುಟದವರೆಗೆ ಕರೆದೊಯ್ಯಲು ಕುತೂಹಲವೇ ಬೇಕು.

ಡೊಂಬಿವಲಿ, ಕಲ್ಯಾಣದ ಹಳೆಯ ಕನ್ನಡ ಮನೆಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಮನೆ-ಬೈಂಡಿನ ಕಾದಂಬರಿ ಕಾಣಸಿಗುತ್ತದೆ. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಬಂದ ‘ತರಂಗ’, ಇವುಗಳ ಧಾರಾವಾಹಿ ಪುಟಗಳನ್ನು ವಾರವಾರ ಕತ್ತರಿಸಿ, ದಬ್ಬಣದಿಂದ ತೂತು ಹಾಕಿ, ದಪ್ಪ ದಾರದಲ್ಲಿ ಹೊಲಿದ ಪುಸ್ತಕಗಳವು. ರಟ್ಟಿನ ಮೇಲೆ ಹಳೆಯ ಕ್ಯಾಲೆಂಡರಿನ ಹೊದಿಕೆ. ನಾಯಕಿ ಪತ್ರ ಒಡೆಯುವ ಪುಟದ ಹಿಂದೆ ಅರ್ಧ ಪದಬಂಧ, ನಾಯಕ ಊರು ಬಿಡುವ ಪುಟದ ಹಿಂದೆ ಹೀರೇಕಾಯಿ ಚಟ್ನಿ ಮಾಡುವ ಬಗೆ. ನಡುವೆ ಒಂದು ವಾರದ ಕಂತು ತಪ್ಪಿದ್ದರೆ ಆ ಜಾಗದಲ್ಲಿ ಕೈಬರಹದ ಒಂದು ಹಾಳೆ: ಊರಿನಿಂದ ಅಕ್ಕನೋ ಅತ್ತಿಗೆಯೋ ಬರೆದು ಕಳಿಸಿದ ಕಥೆಯ ಸಾರಾಂಶ. ಇಷ್ಟು ಅಕ್ಕರೆ ಪಡೆದ ಸಾಹಿತ್ಯವನ್ನು ‘ಜನಪ್ರಿಯ’ ಎಂದು ಪಕ್ಕಕ್ಕೆ ಸರಿಸಿದ್ದು ನಮ್ಮ ವಿಮರ್ಶೆ ಮಾಡಿದ ಅನ್ಯಾಯ.

ಬರೆದವರೂ ಸಾಮಾನ್ಯರಲ್ಲ. ಎನ್. ನರಸಿಂಹಯ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಓದು ರೂಢಿಸಿಕೊಂಡವರು ಸಾವಿರಾರು ಮಂದಿ. ನಲವತ್ತು ತುಂಬುವ ಮೊದಲೇ 1963ರಲ್ಲಿ ತೀರಿಕೊಂಡ ತ್ರಿವೇಣಿ, ಪ್ರೇಮಕಥೆಯ ಒಳಗೇ ಹೆಣ್ಣಿನ ಮನಸ್ಸಿನ ಕಾಯಿಲೆ, ಕಳವಳಗಳನ್ನು ತಂದರು.

ಆದರೆ ಈ ಲೈನಿನಲ್ಲಿ ಕೂತು ಓದಲು ನಾನು ಮೊದಲು ಕೈಗಿಡುವ ಪುಸ್ತಕ ಯಶವಂತ ಚಿತ್ತಾಲರ ‘ಶಿಕಾರಿ’. 1979ರಲ್ಲಿ ಪ್ರಕಟವಾದ ಇದನ್ನು ನವ್ಯ ಕಾದಂಬರಿ ಎಂದು ಪಾಠ ಮಾಡುತ್ತಾರೆ. ನಾನು ಅದನ್ನು ಮುಂಬೈ ಬಗ್ಗೆ ಕನ್ನಡದಲ್ಲಿ ಬಂದ ಅತ್ಯುತ್ತಮ ರೋಚಕ ಕಾದಂಬರಿ ಎಂದೂ ಓದುತ್ತೇನೆ. ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ಅಮಾನತು ಮಾಡುತ್ತಾರೆ. ಆರೋಪ ಏನು? ಮಾಡಿದವರು ಯಾರು? ಯಾರ ನಗುವಿನ ಹಿಂದೆ ಏನಿದೆ? ಚಾಕು ಹೊರಬರುವುದಿಲ್ಲ, ಆದರೂ ಪುಟ ತಿರುಗಿಸುವಾಗ ಎದೆ ಹೊಡೆದುಕೊಳ್ಳುತ್ತದೆ. ಹನೇಹಳ್ಳಿಯಿಂದ ಬಂದು ಮುಂಬೈಯ ರಾಸಾಯನಿಕ ಉದ್ಯಮದಲ್ಲೇ ದುಡಿದ ಚಿತ್ತಾಲರಿಗೆ ಆ ಲೋಕದ ಒಳಸುಳಿ ಗೊತ್ತಿತ್ತು. ಸೆಂಚುರಿ ರೇಯಾನ್‌ನ ಚಿಮಣಿ ಕಾಣುವ ಶಹಾಡಿನಲ್ಲಿ, ಅಂಬರನಾಥದ ಕಾರ್ಖಾನೆಗಳ ಆಸುಪಾಸಿನಲ್ಲಿ ಬದುಕುವವರಿಗೆ ನಾಗಪ್ಪನ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ಕರೆಯುತ್ತಿದ್ದಾರೆ ಎಂಬ ಒಂದು ಫೋನಿಗೆ ಹೊಟ್ಟೆ ಹೇಗೆ ತಣ್ಣಗಾಗುತ್ತದೆಂದು ಅವರಿಗೆ ಗೊತ್ತು.

ಇತ್ತೀಚಿನವರಲ್ಲಿ ನನ್ನ ನಿದ್ದೆಗೆಡಿಸಿದವರು ಕೆ.ಎನ್. ಗಣೇಶಯ್ಯ. ವೃತ್ತಿಯಿಂದ ಕೃಷಿ ವಿಜ್ಞಾನಿ. ಸೋಮನಾಥಪುರದ 13ನೇ ಶತಮಾನದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ? ಹೌದಾದರೆ, ಅಮೆರಿಕ ಖಂಡದ ಆ ಬೆಳೆ ಕೊಲಂಬಸ್‌ಗಿಂತ ಮೊದಲೇ ಇಲ್ಲಿಗೆ ಬಂದದ್ದು ಹೇಗೆ? ವಿದ್ವಾಂಸರು ಕಾದಾಡಿದ ಈ ಪ್ರಶ್ನೆಯನ್ನು ಹಿಡಿದು ಅವರು ‘ಕನಕ ಮುಸುಕು’ ಹೆಣೆದರು. ಅವರ ಕಥೆಗಳಲ್ಲಿ ಅಡಿಟಿಪ್ಪಣಿ, ಆಕರಗಳ ಪಟ್ಟಿ ಇರುತ್ತದೆ. ಕಥೆ ಮುಗಿದ ಮೇಲೂ ಹುಡುಕಾಟ ಮುಗಿಯುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ದೇವಸ್ಥಾನದ ಗೋಡೆಯನ್ನು ಬೆರಳಿಟ್ಟು ನೋಡುವ ಚಟ ಹತ್ತಿಸುತ್ತಾರೆ.

ಪ್ರೇಮಕಥೆ ಬೇಕೆನ್ನುವವರಿಗೆ 2019ರಲ್ಲಿ ಬಂದ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಕೊಡುತ್ತೇನೆ. ತೇಜೋ ನದಿಯ ದಡದ ಲಿಸ್ಬನ್ನಿನ ಬೆಲ್ಲಾಳಿಗಾಗಿ ಹಡಗು ಹತ್ತಿದ ಗೇಬ್ರಿಯಲ್, ತುಂಗಭದ್ರೆಯ ದಡದ ತೆಂಬಕಪುರದ ಹಂಪಮ್ಮ ಮತ್ತು ಕೇಶವ. ಎರಡು ನದಿಗಳ ಪ್ರೀತಿಗೂ ಧರ್ಮ, ದೊರೆ, ಸಂಪ್ರದಾಯಗಳು ಅಡ್ಡ ನಿಲ್ಲುತ್ತವೆ. ಇವರು ಸೇರುತ್ತಾರೋ ಇಲ್ಲವೋ ಎಂಬ ಆತಂಕದಲ್ಲಿ ಐನೂರು ವರ್ಷ ಹಿಂದಿನ ಚರಿತ್ರೆ ತಾನಾಗಿ ಮನಸ್ಸಿಗಿಳಿಯುತ್ತದೆ. ಗೇಬ್ರಿಯಲ್ ಬಂದಿಳಿಯುವ ಗೋವಾ ನಮಗೆ ಪಕ್ಕದ ಊರಿದ್ದಂತೆ, ಹಾಗಾಗಿ ಇನ್ನೂ ಹತ್ತಿರ. ಅನುಷ್ ಶೆಟ್ಟಿ ಅವರ ‘ಹುಲಿ ಪತ್ರಿಕೆ’ಯಂಥ ಪುಸ್ತಕಗಳಿಂದ ಕಾಲೇಜು ಹುಡುಗರೂ ಕನ್ನಡ ರೋಚಕ ಕಾದಂಬರಿಗೆ ಬಂದಿರುವುದು ನನಗೆ ದೊಡ್ಡ ಸಂತೋಷ.

ಒಂದು ಆಸೆ ಉಳಿದಿದೆ. ನಮ್ಮ ಈ ಭಾಗ ಇನ್ನೂ ಒಂದು ಕನ್ನಡ ರಹಸ್ಯ ಕಾದಂಬರಿಗೆ ಕಾಯುತ್ತಿದೆ. ಶಹಾಡಿನ ಮೇಲ್ಸೇತುವೆ ದಾಟಿದ ರಸ್ತೆ ಮುರ್ಬಾಡಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ನಾಣೇಘಾಟ್. ಕಲ್ಯಾಣ ಬಂದರಿನ ಸರಕು ಜುನ್ನರಕ್ಕೆ ಏರುತ್ತಿದ್ದ ಸಾತವಾಹನರ ಕಾಲದ ಕಣಿವೆ ದಾರಿ ಅದು. ಗುಹೆಯಲ್ಲಿ ರಾಣಿ ನಾಗನಿಕೆಯ ಶಾಸನವಿದೆ, ಮೇಲೆ ಸುಂಕದ ಹಣ ಹಾಕುತ್ತಿದ್ದರೆಂದು ಹೇಳುವ ದೊಡ್ಡ ಕಲ್ಲಿನ ಹಂಡೆಯಿದೆ. ಇಲ್ಲಿ ಬೆಳೆದ ಯಾವುದಾದರೂ ಕನ್ನಡ ಹುಡುಗಿ ಆ ಹಂಡೆಯ ಬಳಿಯಿಂದ ಒಂದು ಕಥೆ ಶುರು ಮಾಡಲಿ. ಜೊತೆಗೊಂದು ಪ್ರೇಮವನ್ನೂ ಇಡಲಿ. ಮೊದಲ ಪ್ರತಿಯ ಹಣ ನಾನು ಈಗಲೇ ತೆಗೆದಿಡುತ್ತೇನೆ.