ಜಠರವನ್ನು ದಾಟುವ ಕಿಣ್ವ

ಗಾಯವಾದಾಗ ರಕ್ತವು ಹೆಪ್ಪುಗಟ್ಟದಿದ್ದರೆ ಮನುಷ್ಯನು ಬದುಕಲಾರನು. ಅದೇ ಹೆಪ್ಪು ಹೃದಯದ ಅಥವಾ ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡರೆ ಪ್ರಾಣಕ್ಕೇ ಸಂಚಕಾರ. ಫೈಬ್ರಿನ್ ಎಂಬ ಎಳೆಗಳ ಬಲೆಯೇ ಈ ಹೆಪ್ಪಿಗೆ ಆಧಾರ. ಜಪಾನೀಯರು ಬೇಯಿಸಿದ ಸೋಯಾ ಕಾಳನ್ನು ಹುದುಗಿಸಿ ನ್ಯಾಟೊ ಎಂಬ ಆಹಾರವನ್ನು ಮಾಡುತ್ತಾರೆ. ಫೈಬ್ರಿನ್ ಬಲೆಯನ್ನು ಕರಗಿಸಬಲ್ಲ ಕಿಣ್ವವೊಂದು ಅದರಲ್ಲಿದೆಯೆಂದು ಹಿರೋಯುಕಿ ಸುಮಿ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಅದರ ಹೆಸರು ನ್ಯಾಟೊಕೈನೇಸ್.

ಕಿಣ್ವವು ಒಂದು ಪ್ರೋಟೀನು. ಅದನ್ನು ನುಂಗಿದರೆ ಜಠರವು ಬೇಳೆಕಾಳಿನ ಪ್ರೋಟೀನಿನಂತೆಯೇ ಕಾಣುತ್ತದೆ. ಅಲ್ಲಿಯ ತೀವ್ರವಾದ ಆಮ್ಲವು ಅದರ ರೂಪವನ್ನು ಕೆಡಿಸುತ್ತದೆ. ಪೆಪ್ಸಿನ್ ಅದನ್ನು ತುಂಡರಿಸುತ್ತದೆ. ರೂಪ ಕೆಟ್ಟ ಕಿಣ್ವವು ಹಲ್ಲು ಮುರಿದ ಗರಗಸದಂತೆ ನಿರುಪಯುಕ್ತ. ಹಾಗಾದರೆ ಅದನ್ನು ಕಾಪಾಡುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿ ಇದಕ್ಕೊಂದು ಹೋಲಿಕೆ ದೊರೆಯುತ್ತದೆ. ಎರಕದೊಳಗೆ ಟೊಳ್ಳು ಬೇಕಾದಲ್ಲಿ ಮರಳಿನಿಂದ ಮಾಡಿದ ಕೋರನ್ನು ಇಡುತ್ತಾರೆ. ಕರಗಿದ ಕಬ್ಬಿಣವನ್ನು ಸುರಿದಾಗ ಅದು ಒಡೆಯಬಾರದು. ಕಬ್ಬಿಣ ಗಟ್ಟಿಯಾದ ಮೇಲೆ ಸುಲಭವಾಗಿ ಉದುರಬೇಕು. ಗುಳಿಗೆಯ ಲೇಪವೂ ಹೀಗೆಯೇ ಜಠರದಲ್ಲಿ ಗಟ್ಟಿಯಾಗಿದ್ದು ಕರುಳಿನಲ್ಲಿ ಕರಗಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವ ಅರಗಿಗೆ ಈ ಗುಣವುಂಟು. ಅದು ಆಮ್ಲದಲ್ಲಿ ಕರಗದು. ಆಮ್ಲತೆಯಿಳಿದ ಕರುಳಿನಲ್ಲಿ ಕರಗುತ್ತದೆ. ಆದುದರಿಂದ ಶುದ್ಧೀಕರಿಸಿದ ಅರಗನ್ನು ಗುಳಿಗೆಗಳಿಗೆ ಲೇಪಿಸುವ ರೂಢಿ ಬಂದಿತು. ಪಿಎಚ್ 5.5ಕ್ಕಿಂತ ಮೇಲೆ ಕರಗುವ ಕೃತಕ ಲೇಪಗಳೂ ಈಗ ಬಳಕೆಯಲ್ಲಿವೆ.

ಆದರೆ ಜಠರವನ್ನು ದಾಟಿದ ಮಾತ್ರಕ್ಕೆ ಪ್ರಯಾಣ ಮುಗಿಯಲಿಲ್ಲ. ಕರುಳಿನಲ್ಲಿಯೂ ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಮೊದಲಾದ ಕಿಣ್ವಗಳಿವೆ. ಅವುಗಳಿಂದ ತಪ್ಪಿಸಿಕೊಂಡರೂ ಅಷ್ಟು ದೊಡ್ಡ ಅಣುವು ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರುವುದು ಕಷ್ಟ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 265 ಜನರನ್ನು ಸುಮಾರು ಮೂರು ವರ್ಷ ಪರೀಕ್ಷಿಸಲಾಯಿತು. ನ್ಯಾಟೊಕೈನೇಸ್ ಸೇವಿಸಿದವರಲ್ಲಿಯೂ ರಕ್ತನಾಳದ ಗೋಡೆ ದಪ್ಪವಾಗುವುದು ಕಡಿಮೆಯಾಗಲಿಲ್ಲ.

ಆದುದರಿಂದ ಎದೆನೋವು ಬಂದವರು ಇಂತಹ ಗುಳಿಗೆಯನ್ನು ನಂಬಿ ಮನೆಯಲ್ಲಿ ಕುಳಿತಿರಬಾರದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು, ರಕ್ತಸ್ರಾವದ ಅಪಾಯವುಂಟು. ಹೆಪ್ಪನ್ನು ತುರ್ತಾಗಿ ಕರಗಿಸಬೇಕಾದಾಗ ವೈದ್ಯರು ಸ್ಟ್ರೆಪ್ಟೊಕೈನೇಸಿನಂತಹ ಔಷಧವನ್ನು ನೇರವಾಗಿ ರಕ್ತನಾಳಕ್ಕೇ ಕೊಡುತ್ತಾರೆ. ಅಲ್ಲಿ ಜಠರದ ಹಂಗಿಲ್ಲ. ಔಷಧದಲ್ಲಿ ಶಕ್ತಿಯಿದ್ದರೆ ಸಾಲದು. ಆ ಶಕ್ತಿಯು ಕೆಡದೆ, ತಕ್ಕ ಕಾಲಕ್ಕೆ, ತಕ್ಕ ಸ್ಥಳವನ್ನು ಮುಟ್ಟಬೇಕು.