ಬಿರುಬೇಸಿಗೆಯೂ ಬೆವರಿನ ಲೆಕ್ಕವೂ

ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಬಿರುಬೇಸಿಗೆ ಎಂದು ವಿನೋದವಾಗಿ ಹೇಳುವುದುಂಟು. ಆದರೆ ಬಿಸಿಲು ವಿನೋದದ ಎಲ್ಲೆಯನ್ನು ಮೀರುವ ದಿನಗಳೂ ಉಂಟು. 2015ರ ಮೇ ತಿಂಗಳ ಬಿಸಿಗಾಳಿಗೆ ಭಾರತದಲ್ಲಿ 2,000ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಬಹುಮಂದಿ ನಮ್ಮ ನೆರೆಯ ಆಂಧ್ರಪ್ರದೇಶ ಮತ್ತು ತೆಲಂಗಾಣದವರು. ಬಿಸಿಗಾಳಿಯು ಚಂಡಮಾರುತದಂತೆ ಮನೆಯನ್ನು ಕೆಡಹುವುದಿಲ್ಲ. ಮನೆಯೊಳಗಿರುವವರನ್ನು ಸದ್ದಿಲ್ಲದೆ ಕೆಡಹುತ್ತದೆ. ಅದನ್ನು ಎದುರಿಸಲು ಬೇಕಾದ ಸಿದ್ಧತೆಗೆ ಭೌತಶಾಸ್ತ್ರದ ಒಂದೆರಡು ಸರಳ ತತ್ತ್ವಗಳೇ ಆಧಾರ.

ಸುಮ್ಮನೆ ಕುಳಿತಿರುವ ಮನುಷ್ಯನ ದೇಹದಲ್ಲಿಯೂ ಸುಮಾರು 100 ವಾಟ್‌ಗಳಷ್ಟು ಶಾಖ ಹುಟ್ಟುತ್ತಿರುತ್ತದೆ. ಈ ಶಾಖ ಹೊರಗೆ ಹೋಗಲೇಬೇಕು. ಶಾಖವು ಬಿಸಿಯಾದ ವಸ್ತುವಿನಿಂದ ತಂಪಾದ ವಸ್ತುವಿಗೆ ಹರಿಯುವುದಷ್ಟೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಗಾಳಿ 40 ಡಿಗ್ರಿಗೆ ಏರಿದಾಗ ಶಾಖದ ಹರಿವು ತಿರುಗುಮುರುಗಾಗಿ, ಹೊರಗಿನಿಂದ ದೇಹಕ್ಕೇ ಶಾಖ ಬರತೊಡಗುತ್ತದೆ. ಆಗ ಉಳಿಯುವ ದಾರಿ ಒಂದೇ: ಬೆವರು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 24 ಲಕ್ಷ ಜೂಲ್‌ಗಳಷ್ಟು ಶಾಖವನ್ನು ಕೊಂಡೊಯ್ಯುತ್ತದೆ. ಆದರೆ ಬೆವರು ಆವಿಯಾಗಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಪ್ರಯೋಜನವಿಲ್ಲ.

ಆದುದರಿಂದ ಉಷ್ಣಮಾಪಕದ ಅಂಕಿಯೊಂದೇ ಸಾಲದು. ಗಾಳಿಯ ತೇವವನ್ನೂ ನೋಡಬೇಕು. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಿರಿ. 40 ಡಿಗ್ರಿಯ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡ 20 ಇದ್ದರೆ ಪಾದರಸ ಸುಮಾರು 23ಕ್ಕೆ ಇಳಿಯುತ್ತದೆ. ಶೇಕಡ 50 ಇದ್ದರೆ 31ಕ್ಕೇ ನಿಲ್ಲುತ್ತದೆ. ಈ ಒದ್ದೆ ಅಳತೆ 35ನ್ನು ಮುಟ್ಟಿದರೆ ಗಟ್ಟಿಮುಟ್ಟಾದ ಮನುಷ್ಯನೂ ಹೆಚ್ಚು ಹೊತ್ತು ತಾಳಲಾರ. ಅಪಾಯವಾದರೋ ಅದಕ್ಕೆ ಬಹು ಮೊದಲೇ ಆರಂಭವಾಗುತ್ತದೆ.

ನಮ್ಮ ಜಿಲ್ಲೆಯ ಮೂರು ಊರುಗಳನ್ನೇ ನೋಡೋಣ. ಬಳ್ಳಾರಿ ನಗರದಲ್ಲಿ ಕಾಂಕ್ರೀಟು ಮತ್ತು ಡಾಂಬರು ಹಗಲೆಲ್ಲ ಶಾಖವನ್ನು ಹೀರಿ ರಾತ್ರಿ ಹೊರಸೂಸುತ್ತವೆ. ಕುರುಗೋಡಿನ ಕಲ್ಲುಗುಡ್ಡಗಳು ಮಾಡುವುದೂ ಇದನ್ನೇ. ಸಿರುಗುಪ್ಪದಲ್ಲಿ, ಬೇಸಿಗೆ ಬೆಳೆಗೆ ತುಂಗಭದ್ರೆಯ ನೀರು ದೊರೆತ ವರ್ಷ, ಗದ್ದೆಗಳ ನಡುವೆ ಗಾಳಿ ತುಸು ತಂಪೆನಿಸಬಹುದು. ಆದರೆ ತೇವ ಹೆಚ್ಚಿದುದರಿಂದ ಅಲ್ಲಿ ದುಡಿಯುವವರ ಬೆವರು ಬೇಗ ಆರುವುದಿಲ್ಲ. ಸೂರ್ಯನೊಬ್ಬನೇ; ಸಂಕಟ ಮಾತ್ರ ಬೇರೆ ಬೇರೆ.

ಮನೆಯ ಸಿದ್ಧತೆ ಮಾಳಿಗೆಯಿಂದ ಮೊದಲಾಗಬೇಕು. ಹಿಂದಿನವರ ದಪ್ಪನೆಯ ಮಣ್ಣಿನ ಮಾಳಿಗೆಯಲ್ಲಿ ಶಾಖ ಬಹು ನಿಧಾನವಾಗಿ ಇಳಿಯುತ್ತಿತ್ತು. ಇಂದಿನ ಕಾಂಕ್ರೀಟು ಚಾವಣಿ ತೆಳುವಾದುದು. ಮಧ್ಯಾಹ್ನ ಹೀರಿದ ಬಿಸಿಲನ್ನು ಸಂಜೆಯ ಹೊತ್ತಿಗೆ ಕೋಣೆಯೊಳಗೆ ಸುರಿಯುತ್ತದೆ. ಅದರ ಮೇಲೆ ಬೇಸಿಗೆಗೆ ಮುಂಚೆಯೇ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಪ್ರತಿಫಲಿಸಿ ಹೋಗುತ್ತದೆ. ಕಿಟಕಿಗಳಿಗೆ ನೆರಳನ್ನು ಹೊರಗಡೆಯೇ ಕಟ್ಟಬೇಕು. ಗಾಜನ್ನು ದಾಟಿ ಒಳಬಂದ ಬಿಸಿಲನ್ನು ಪರದೆಯಿಂದ ತಡೆದರೂ ಅದರ ಶಾಖ ಕೋಣೆಯಲ್ಲಿಯೇ ಉಳಿಯುತ್ತದೆ. ಹಗಲಿನಲ್ಲಿ ಕಿಟಕಿ ಮುಚ್ಚಿ, ಹೊರಗಾಳಿ ತಂಪಾದ ಮೇಲೆ ತೆರೆಯಿರಿ. ಒಣಗಾಳಿಯಲ್ಲಿ ಲಾವಂಚದ ಒದ್ದೆ ತಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ತೇವದ ಗಾಳಿಯಲ್ಲಿ ಅಷ್ಟಾಗಿ ಅಲ್ಲ. ಕೋಣೆಯ ಉಷ್ಣತೆ 40 ಡಿಗ್ರಿ ದಾಟಿದ ಮೇಲೆ ವಿದ್ಯುತ್ ಬೀಸಣಿಗೆಯನ್ನೇ ನಂಬಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅದು ಬಿಸಿಗಾಳಿಯನ್ನೇ ಮೈಗೆ ತಳ್ಳುತ್ತದೆ. ಆಗ ಮೈಯನ್ನು ನೀರಿನಿಂದ ಒದ್ದೆಮಾಡಿಕೊಳ್ಳುವುದು ಮೇಲು.

ಇನ್ನು ಮನೆಮಂದಿ. ಬಾಯಾರುವವರೆಗೆ ಕಾಯದೆ ನೀರು, ಮಜ್ಜಿಗೆ, ಅಂಬಲಿಗಳನ್ನು ಕುಡಿಯುತ್ತಿರಬೇಕು. ಬಹಳ ಬೆವರಿ ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು, ಚಮಚಗಳು ಸಮಮಟ್ಟವಾಗಿರಲಿ. ಹೊರಗಿನ ದುಡಿಮೆಯನ್ನು ನಸುಕಿಗೆ ಸರಿಸಬೇಕು. ಬಳ್ಳಾರಿ ಸೇರಿದ ಕಲಬುರಗಿ ವಿಭಾಗದಲ್ಲಿ ಹಲವು ವರ್ಷ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸಿದುದು ಈ ಕಾರಣದಿಂದಲೇ. ಗುಮಾಸ್ತರಿಗೆ ಸಲ್ಲುವ ಈ ವಿವೇಕ ಗದ್ದೆಯ ಕೂಲಿಗೂ ಗಾರೆ ಕೆಲಸದವರಿಗೂ ಸಲ್ಲಬೇಡವೆ?

ಮೈ ಕೆಂಡದಂತೆ ಕಾದು ಮಾತು ತೊದಲಿದರೆ, ತಿಳಿವು ತಪ್ಪಿದರೆ ಅದು ಬಿಸಿಲಾಘಾತ. ಆಗ ಬೆವರುತ್ತಿದ್ದರೂ ಅಪಾಯವಿಲ್ಲವೆಂದು ಭಾವಿಸಬಾರದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಕಾಯದೆ ರೋಗಿಯನ್ನು ನೆರಳಿಗೆ ತಂದು, ಮೈಮೇಲೆಲ್ಲ ನೀರು ಹಾಕಿ ಗಾಳಿ ಬೀಸಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ವೃದ್ಧರ ದೇಹ ಬೆವರುವುದೂ ಕಡಿಮೆ, ಅವರಿಗೆ ಬಾಯಾರಿಕೆಯ ಅರಿವೂ ಕಡಿಮೆ. ಆದುದರಿಂದ ಸುಣ್ಣ, ತಟ್ಟಿ, ನೀರಿನ ಹರವಿಗಳ ಜೊತೆಗೆ ಇನ್ನೊಂದು ಸಿದ್ಧತೆಯೂ ಬೇಕು: ನಿಮ್ಮ ಓಣಿಯಲ್ಲಿ ಒಬ್ಬಂಟಿಯಾಗಿರುವ ಮುದುಕರು ಯಾರೆಂಬುದನ್ನು ಬಿರುಬೇಸಿಗೆಗೆ ಮೊದಲೇ ತಿಳಿದುಕೊಂಡು, ಸುಡುವ ದಿನಗಳಲ್ಲಿ ಎರಡು ಹೊತ್ತು ಅವರ ಬಾಗಿಲು ತಟ್ಟಿ ಬನ್ನಿರಿ.