‘ಅಮೆರಿಕ ಒಪ್ಪಿಕೊಂಡ 701 ಹಾರುವ ತಟ್ಟೆಗಳು’: ನಿಜವೆಷ್ಟು?

“701 ಹಾರುವ ತಟ್ಟೆಗಳನ್ನು ಅಮೆರಿಕದ ವಾಯುಪಡೆಯೇ ಒಪ್ಪಿಕೊಂಡಿದೆ.” ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದರಲ್ಲಿ ಸಂಖ್ಯೆ ಸರಿಯಾಗಿದೆ, ಅರ್ಥ ತಪ್ಪಾಗಿದೆ.

ಆಕಾಶದಲ್ಲಿ ವಿಚಿತ್ರ ಬೆಳಕು ಕಂಡಿತೆಂದು ಜನರು ತಿಳಿಸಿದರೆ ಅಮೆರಿಕದ ವಾಯುಪಡೆ ಅದರ ತನಿಖೆ ಮಾಡುತ್ತಿತ್ತು. ಈ ಕೆಲಸಕ್ಕೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಎಂಬ ಹೆಸರಿತ್ತು. ವಾಯುಪಡೆಯ ಲೆಕ್ಕದಂತೆ 1947ರಿಂದ 1969ರವರೆಗೆ ಒಟ್ಟು 12,618 ವರದಿಗಳು ಬಂದವು. ಹೆಚ್ಚಿನವು ಗ್ರಹ, ನಕ್ಷತ್ರ, ವಿಮಾನ, ಬಲೂನುಗಳಂಥ ಗೊತ್ತಿರುವ ವಸ್ತುಗಳೇ ಆಗಿದ್ದವು. 701 ಮಾತ್ರ ‘ಗುರುತು ಸಿಗದವು’ ಎಂದು ಉಳಿದವು. ಕಳ್ಳ ಸಿಗಲಿಲ್ಲವೆಂದು ಪೊಲೀಸರು ಫೈಲು ಮುಚ್ಚಿದರೆ, ಕದ್ದದ್ದು ದೆವ್ವ ಎಂದಾಗುವುದಿಲ್ಲವಲ್ಲ!

ಹಾಗೆಂದು ಜನರ ಅನುಮಾನವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. 1966ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದ ಡೆಕ್ಸ್‌ಟರ್ ಬಳಿಯ ಜೌಗು ಪ್ರದೇಶದಲ್ಲಿ ಬೆಳಕುಗಳು ಕಂಡವು. ಮರುದಿನ ರಾತ್ರಿ ಹಿಲ್ಸ್‌ಡೇಲ್ ಕಾಲೇಜಿನ ಹಾಸ್ಟೆಲ್ ಕಿಟಕಿಗಳಿಂದ ಹತ್ತಾರು ವಿದ್ಯಾರ್ಥಿನಿಯರೂ ಅಂಥದ್ದನ್ನೇ ನೋಡಿದರು. ವಾಯುಪಡೆ ತನ್ನ ಸಲಹೆಗಾರ, ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್ ಅವರನ್ನು ಕಳುಹಿಸಿತು. ಕೆಲವೇ ದಿನಗಳಲ್ಲಿ ಪತ್ರಿಕಾಗೋಷ್ಠಿ ನಡೆಯಿತು. ಜೌಗಿನಲ್ಲಿ ಕೊಳೆತ ಗಿಡಗಳಿಂದ ಹೊಮ್ಮುವ ಅನಿಲ ಹೊತ್ತಿಕೊಂಡು ಹೀಗೆ ಬೆಳಗಿರಬಹುದು ಎಂದರು ಹೈನೆಕ್. ನಮ್ಮಲ್ಲಿ ಕೊಳ್ಳಿದೆವ್ವ ಎನ್ನುತ್ತಾರಲ್ಲ, ಅದೇ.

ಅವರು ಹೇಳಿದ್ದು ‘ಇರಬಹುದು’ ಎಂದು. ಪತ್ರಿಕೆಗಳಲ್ಲಿ ಅದು ‘ಹೌದು’ ಎಂದಾಯಿತು. (ಫಾರ್ವರ್ಡ್‌ಗಳ ರೋಗ ಫೋನಿಗಿಂತ ಹಳೆಯದು!) ಕಣ್ಣಾರೆ ಕಂಡವರು ನಗೆಪಾಟಲಿಗೀಡಾದರು. ಮಿಷಿಗನ್‌ನ ಸಂಸದ, ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಸಂಸತ್ತಿನ ವಿಚಾರಣೆಗೆ ಒತ್ತಾಯಿಸಿದರು. ಅದೇ ವರ್ಷ ಕೊಲೊರಾಡೊ ವಿಶ್ವವಿದ್ಯಾಲಯಕ್ಕೆ ಸ್ವತಂತ್ರ ಅಧ್ಯಯನ ವಹಿಸಲಾಯಿತು. ಇಂಥ ತನಿಖೆಗಳಿಂದ ವಿಜ್ಞಾನಕ್ಕೆ ಹೆಚ್ಚಿನ ಲಾಭವಿಲ್ಲ ಎಂದು ಅದು ಹೇಳಿದ ಮೇಲೆ, 1969ರ ಡಿಸೆಂಬರ್‌ನಲ್ಲಿ ಬ್ಲೂ ಬುಕ್ ಮುಚ್ಚಿತು. ನನ್ನ ಪ್ರಕಾರ, ಅವಸರದಲ್ಲಿ ಕೊಟ್ಟ ಆ ಉತ್ತರ ಅನುಮಾನವನ್ನು ಇನ್ನಷ್ಟು ಬೆಳೆಸಿತು.

ನಮ್ಮ ದೇಶದ್ದೇ ಒಂದು ಉದಾಹರಣೆ ನೋಡಿ. 2012-13ರಲ್ಲಿ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರಿಗೆ ಪದೇ ಪದೇ ಬೆಳಕುಗಳು ಕಂಡವು. ಚೀನಾದ ಡ್ರೋನ್ ಇರಬಹುದೆಂಬ ಆತಂಕವಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಪರಿಶೀಲಿಸಿದಾಗ ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಯಿತು. ಗಡಿಯಲ್ಲಿ ಇಂಥ ಗುರುತು ತಪ್ಪಿದರೆ ಏನಾಗಬಹುದೆಂದು ಊಹಿಸಿಕೊಳ್ಳಿ.

ನಿಮಗೂ ಇಂಥ ಬೆಳಕು ಕಂಡರೆ ವಿಡಿಯೊ ಜೊತೆಗೆ ಸಮಯ, ಸ್ಥಳ, ದಿಕ್ಕು ಬರೆದುಕೊಳ್ಳಿ. ಕೈ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಎತ್ತರದಲ್ಲಿತ್ತು ಎಂದು ಎಣಿಸಿ. ಚೌಕಟ್ಟಿನಲ್ಲಿ ಮರವೋ ಕಂಬವೋ ಇರಲಿ, ಬೆಳಕು ಚಲಿಸಿತೋ ನಿಮ್ಮ ಕೈ ಅಲುಗಿತೋ ಗೊತ್ತಾಗುತ್ತದೆ. ಮೂಲ ವಿಡಿಯೊವನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ಹತ್ತು ಗುಂಪು ಸುತ್ತಿ ಬಂದ ಪ್ರತಿಯಲ್ಲಿ ಅದನ್ನು ಯಾವಾಗ, ಎಲ್ಲಿ ತೆಗೆದದ್ದೆಂಬ ಮಾಹಿತಿ ಸಾಮಾನ್ಯವಾಗಿ ಉಳಿದಿರುವುದಿಲ್ಲ.